ಹಾವಸೆಗಳ ವರ್ಗೀಕರಣ: ಬೆಳವಣಿಗೆಯ ಅಂಗರಚನೆ ಮತ್ತು ಜೀನ್‌ಗಳ ಸಾಕ್ಷ್ಯ

ಹೂವಿಲ್ಲದ, ಬೀಜವಿಲ್ಲದ, ನಿಜವಾದ ಬೇರೂ ಇಲ್ಲದ ಪುಟ್ಟ ನೆಲಸಸ್ಯಗಳ ಗುಂಪು ಹಾವಸೆ. ಇದಕ್ಕೆ ಮಾಸ್ ಎಂಬ ಹೆಸರೂ ಬಳಕೆಯಲ್ಲಿದೆ. ಕನ್ನಡದಲ್ಲಿ ಕೆರೆ ಬಾವಿಗಳ ಶೈವಲವನ್ನೂ ಪಾಚಿ, ಹಾವಸೆ ಎನ್ನುವುದುಂಟು. ಈ ಲೇಖನದಲ್ಲಿ ಹಾವಸೆ ಎಂದರೆ ಬ್ರಯೋಫೈಟ ವಿಭಾಗಕ್ಕೆ ಸೇರಿದ ಮಾಸ್‌ಗಳು ಮಾತ್ರ. ಜಗತ್ತಿನಲ್ಲಿ ಇವುಗಳ ಸುಮಾರು 12,000 ಪ್ರಭೇದಗಳೂ ಭಾರತದಲ್ಲಿ 1,700ಕ್ಕೂ ಹೆಚ್ಚು ಪ್ರಭೇದಗಳೂ ದಾಖಲಾಗಿವೆ. ಗಿಡಗಳು ಚಿಕ್ಕವು, ಅಂಗಗಳು ಕೆಲವೇ. ಒಂದೇ ಬಗೆಯ ನೆಲೆಯಲ್ಲಿ ಬೆಳೆಯುವ ದೂರದ ಬಳಗಗಳು ಒಂದೇ ರೂಪ ತಾಳುವುದು ಇವುಗಳಲ್ಲಿ ಸಾಮಾನ್ಯ. ಹೀಗಾಗಿ ಬೆಳೆದು ನಿಂತ ಗಿಡದ ಆಕಾರವನ್ನಷ್ಟೇ ನೋಡಿ ಮಾಡಿದ ವರ್ಗೀಕರಣ ಹಲವು ಸಲ ತಪ್ಪಿದೆ. ಅಂಗವೊಂದು ಜೀವಕೋಶದಿಂದ ಜೀವಕೋಶಕ್ಕೆ ಹೇಗೆ ರೂಪುಗೊಂಡಿತು ಎಂಬುದನ್ನು ತಿಳಿಸುವ ಬೆಳವಣಿಗೆಯ ಅಂಗರಚನೆ ಮತ್ತು ವಂಶದಲ್ಲಿ ಹರಿದುಬಂದ ಡಿಎನ್‌ಎ ಬರಹವನ್ನು ಓದುವ ತಳಿವಿಜ್ಞಾನ, ಇವೆರಡೂ ಸೇರಿ ಇಂದಿನ ವರ್ಗೀಕರಣವನ್ನು ಕಟ್ಟಿವೆ.

ಕರಾವಳಿಯ ಹಾವಸೆಗಳು

ಮಂಗಳೂರಿನ ಉತ್ತರ ಭಾಗದ ಪಣಂಬೂರು ಬಂದರು ಮತ್ತು ಕಾರ್ಖಾನೆಗಳ ಊರು. ನವಮಂಗಳೂರು ಬಂದರು ಇಲ್ಲಿದೆ. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ರಸಗೊಬ್ಬರ ಕಾರ್ಖಾನೆ, ಕಬ್ಬಿಣದ ಅದಿರಿನ ಉಂಡೆ ತಯಾರಿಸುವ ಸ್ಥಾವರ, ಲಾರಿಗಳು ಓಡುವ ಹೆದ್ದಾರಿ ಎಲ್ಲವೂ ಇಲ್ಲಿವೆ. ಇಂಥ ಊರಿನಲ್ಲೂ ಜೂನ್ ತಿಂಗಳ ಮಳೆ ಹಿಡಿದರೆ ಕೆಂಪುಕಲ್ಲಿನ ಕಂಪೌಂಡ್ ಗೋಡೆ, ಬಾವಿಕಟ್ಟೆ, ಹಂಚಿನ ಮಾಡು, ತೋಡಿನ ಬದಿ, ತೆಂಗಿನ ಕಾಂಡ ಇವೆಲ್ಲ ಹಸಿರಾಗುತ್ತವೆ. ಕರಾವಳಿಯ ಇಂಥ ಜಾಗಗಳಲ್ಲಿ ಕಾಣುವ ನಾಲ್ಕು ಹಾವಸೆಗಳನ್ನು ತೆಗೆದುಕೊಂಡರೆ ವರ್ಗೀಕರಣದ ಮುಖ್ಯ ಪ್ರಶ್ನೆಗಳೆಲ್ಲ ಎದುರಿಗೆ ಬರುತ್ತವೆ.

ಮೊದಲನೆಯದು ಗೋಡೆಯ ಮೇಲೆ ಗಿಡ್ಡ ಹಸಿರು ಮೆತ್ತೆಯಾಗಿ ಬೆಳೆಯುವ ಹಯೋಫಿಲ ಇನ್‌ವೊಲ್ಯೂಟ. ಬಿಸಿಲಿಗೆ ಇದರ ಎಲೆಗಳು ಎರಡೂ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತಿ ಕಂದು ನೂಲಿನಂತಾಗುತ್ತವೆ. ನಾಲ್ಕು ಹನಿ ನೀರು ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಬಿಚ್ಚಿ ಹಸಿರಾಗುತ್ತವೆ. ಎರಡನೆಯದು ತೆಂಗಿನ ಕಾಂಡದ ಮೇಲೆ ಬಿಳಿಚಿದ ದಪ್ಪ ಎಲೆಗಳ ಗೊಂಚಲಾಗಿ ಕುಳಿತಿರುವ ಆಕ್ಟೊಬ್ಲೆಫಾರಮ್ ಆಲ್ಬಿಡಮ್. ಮೂರನೆಯದು ಮರಗಳ ತೊಗಟೆಯ ಮೇಲೆಯೇ ಬೆಳೆಯುವ ಕ್ಯಾಲಿಂಪರೀಸ್. ಇದರ ಎಲೆಯ ತುದಿಯಲ್ಲಿ ಕಡ್ಡಿಯಾಕಾರದ ಚಿಕ್ಕ ಮೊಗ್ಗುಗಳು ಗುಂಪಾಗಿರುತ್ತವೆ. ಉದುರಿದ ಪ್ರತಿಯೊಂದು ಮೊಗ್ಗೂ ಹೊಸ ಗಿಡವಾಗಬಲ್ಲದು. ನಾಲ್ಕನೆಯದು ತೇವದ ಮಣ್ಣು ಮತ್ತು ಕಲ್ಲಿನ ಮೇಲೆ ಚಪ್ಪಟೆ ಗರಿಯಂತೆ ಬೆಳೆಯುವ ಫಿಸಿಡೆನ್ಸ್. ಇದರ ಎಲೆಗಳು ಕಾಂಡದ ಎಡಬಲಕ್ಕೆ ಎರಡೇ ಸಾಲಿನಲ್ಲಿ ಜೋಡಣೆಗೊಂಡಿರುತ್ತವೆ.

ನೋಟಕ್ಕೆ ಈ ನಾಲ್ಕಕ್ಕೂ ಹೋಲಿಕೆಯಿಲ್ಲ. ಹಳೆಯ ಗ್ರಂಥಗಳು ಫಿಸಿಡೆನ್ಸ್‌ಗೆ ಒಂದು ಪ್ರತ್ಯೇಕ ಗಣವನ್ನೇ ಮಾಡಿದ್ದವು. ಆಕ್ಟೊಬ್ಲೆಫಾರಮನ್ನು ಇತರ ಬಿಳಿ ಹಾವಸೆಗಳೊಡನೆ ಸೇರಿಸಿದ್ದವು. ಆದರೆ ಬೆಳವಣಿಗೆಯ ಅಧ್ಯಯನ ಮತ್ತು ಡಿಎನ್‌ಎ ಎರಡೂ ಈ ನಾಲ್ಕನ್ನು ಡೈಕ್ರಾನಿಡೇ ಎಂಬ ಒಂದೇ ಉಪವರ್ಗದಲ್ಲಿ ಇರಿಸುತ್ತವೆ. ಅದೇ ಗೋಡೆಯ ಬುಡದಲ್ಲಿ, ಹಯೋಫಿಲದ ಪಕ್ಕದಲ್ಲೇ ಬೆಳೆಯಬಹುದಾದ ಬ್ರಯಮ್ ಬೇರೊಂದು ಶಾಖೆಗೆ ಸೇರಿದ್ದು.

ಜೀವನಚಕ್ರ

ನಮ್ಮ ಕಣ್ಣಿಗೆ ಬೀಳುವ ಹಸಿರು ಹಾವಸೆ ಲಿಂಗಾಣು ಸಸ್ಯ. ಇದರ ಜೀವಕೋಶಗಳಲ್ಲಿ ವರ್ಣತಂತುಗಳ ಒಂದೇ ಗಣವಿರುತ್ತದೆ. ಬೀಜಾಣು ಮೊಳೆತಾಗ ಮೊದಲು ಕವಲೊಡೆಯುವ ಹಸಿರು ಎಳೆ ಹರಡುತ್ತದೆ, ಇದು ಪ್ರೋಟೊನಿಮ. ಅದರ ಮೇಲೆ ಮೂಡುವ ಮೊಗ್ಗಿನಿಂದ ಎಲೆ ಹೊತ್ತ ಗಿಡ ಏಳುತ್ತದೆ. ಗಿಡದಲ್ಲಿ ಗಂಡು ಮತ್ತು ಹೆಣ್ಣು ಲಿಂಗಾಂಗಗಳು ಬೆಳೆಯುತ್ತವೆ. ಗಂಡು ಲಿಂಗಾಣು ನೀರಿನ ತೆಳು ಪದರದಲ್ಲಿ ಈಜಿ ಅಂಡವನ್ನು ಸೇರಬೇಕು. ನಿಷೇಚನೆಯ ನಂತರ ಹುಟ್ಟುವುದು ಬೀಜಾಣು ಸಸ್ಯ. ಇದರ ಜೀವಕೋಶಗಳಲ್ಲಿ ವರ್ಣತಂತುಗಳು ಎರಡು ಗಣ. ಇದು ತಾಯಿಗಿಡದ ಮೇಲೆ ನಿಂತೇ ಬೆಳೆಯುತ್ತದೆ: ಒಂದು ಪಾದ, ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಬೀಜಾಣುಗಳ ಸಂಪುಟ. ಎಳೆಯ ಸಂಪುಟದ ಮೇಲೆ ತಾಯಿಗಿಡದ ಅಂಗಾಂಶದಿಂದಾದ ಟೋಪಿಯೊಂದು ಕುಳಿತಿರುತ್ತದೆ. ಸಂಪುಟ ಬಲಿತಾಗ ಅದರ ಮುಚ್ಚಳ ಕಳಚಿ, ಬಾಯಿಯ ಸುತ್ತ ಹಲ್ಲುಗಳ ಒಂದು ಅಥವಾ ಎರಡು ಸಾಲು ಕಾಣಿಸುತ್ತದೆ. ಈ ಬಾಯಿಹಲ್ಲುಗಳ ವ್ಯವಸ್ಥೆಯೇ ಪೆರಿಸ್ಟೋಮ್. ಗಾಳಿಯ ತೇವ ಏರಿಳಿದಂತೆ ಹಲ್ಲುಗಳು ಬಾಗಿ, ಸೆಟೆದು, ಬೀಜಾಣುಗಳು ಹೊರಬೀಳುವುದನ್ನು ನಿಯಂತ್ರಿಸುತ್ತವೆ.

ನೆಲಸಸ್ಯಗಳಲ್ಲಿ ಈ ಎರಡು ತಲೆಮಾರುಗಳು ಒಂದಾದ ಮೇಲೊಂದು ಬರುವ ಕ್ರಮವನ್ನು 1851ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ವಿವರಿಸಿದ. ವರ್ಗೀಕರಣಕ್ಕೆ ಎರಡೂ ತಲೆಮಾರು ಸಾಕ್ಷಿ ಒದಗಿಸುತ್ತವೆ. ಆದರೆ ಎರಡೂ ಒಂದೇ ಮಾತು ಹೇಳಬೇಕೆಂದಿಲ್ಲ.

ಹೆಡ್ವಿಗ್‌ನಿಂದ ಬ್ರೊಥೆರಸ್‌ವರೆಗೆ

1753ರ ತನ್ನ ಮಹಾಗ್ರಂಥದಲ್ಲಿ ಲಿನೇಯಸ್ ಹಾವಸೆಗಳನ್ನು ಹೂವಿಲ್ಲದ ಸಸ್ಯಗಳ ಗುಂಪಿಗೆ ಸೇರಿಸಿದ್ದ. ಬೀಜಾಣು ಸಂಪುಟವನ್ನು ಆ ಕಾಲದವರು ಹೂವಿನ ಪರಾಗಕೋಶವೆಂದು ತಿಳಿದಿದ್ದರು. ಈ ತಪ್ಪನ್ನು ತಿದ್ದಿದವನು ಯೊಹಾನ್ ಹೆಡ್ವಿಗ್. ವೃತ್ತಿಯಿಂದ ವೈದ್ಯನಾಗಿದ್ದ ಆತ ಸೂಕ್ಷ್ಮದರ್ಶಕದಲ್ಲಿ ಹಾವಸೆಗಳ ನಿಜವಾದ ಗಂಡು ಹೆಣ್ಣು ಅಂಗಗಳನ್ನು ಗುರುತಿಸಿ 1782ರಲ್ಲಿ ಪ್ರಕಟಿಸಿದ. ಜಾತಿಗಳನ್ನು ಬೇರ್ಪಡಿಸಲು ಬಾಯಿಹಲ್ಲುಗಳ ಸಂಖ್ಯೆ ಮತ್ತು ರೂಪವನ್ನು ಬಳಸಿದ. ಆತ ತೀರಿಕೊಂಡ ಮೇಲೆ 1801ರಲ್ಲಿ ಹೊರಬಂದ ಗ್ರಂಥವೇ ಇಂದಿಗೂ ಸ್ಫ್ಯಾಗ್ನಮ್ ಎಂಬ ಬಳಗವನ್ನು ಬಿಟ್ಟು ಉಳಿದ ಹಾವಸೆಗಳ ನಾಮಕರಣಕ್ಕೆ ಅಧಿಕೃತ ಆರಂಭ.

ಭಾರತದ ಹಾವಸೆಗಳ ಮೊದಲ ದೊಡ್ಡ ಕೃತಿಯನ್ನು 1859ರಲ್ಲಿ ವಿಲಿಯಂ ಮಿಟ್ಟನ್ ಪ್ರಕಟಿಸಿದ. ಫ್ರಾನ್ಸಿನ ಆನ್ರಿ ಫಿಲಿಬೇರ್ 1884ರಿಂದ 1902ರವರೆಗೆ ಬರೆದ ಲೇಖನಮಾಲೆ ಹಲ್ಲುಗಳ ಸೂಕ್ಷ್ಮರಚನೆಗೆ ವರ್ಗೀಕರಣದಲ್ಲಿ ನಿರ್ಣಾಯಕ ಸ್ಥಾನ ಕೊಟ್ಟಿತು. ಆ ತಳಹದಿಯ ಮೇಲೆ ಮ್ಯಾಕ್ಸ್ ಫ್ಲೈಶರ್, ಬಳಿಕ 1924–25ರಲ್ಲಿ ಫಿನ್ಲೆಂಡಿನ ವಿ. ಎಫ್. ಬ್ರೊಥೆರಸ್ ಜಗತ್ತಿನ ಹಾವಸೆಗಳನ್ನೆಲ್ಲ ಕ್ರಮಗೊಳಿಸಿದರು. ಬ್ರೊಥೆರಸ್‌ನ ವ್ಯವಸ್ಥೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹರ್ಬೇರಿಯಂಗಳ, ಅಂದರೆ ಒಣಗಿಸಿದ ಸಸ್ಯ ಮಾದರಿಗಳ ಭಂಡಾರಗಳ, ಕಪಾಟುಗಳನ್ನು ಆಳಿತು.

ಈ ವ್ಯವಸ್ಥೆಗೆ ಒಂದು ದೌರ್ಬಲ್ಯವಿತ್ತು. ಹಯೋಫಿಲದ ಸಂಪುಟಕ್ಕೆ ಹಲ್ಲುಗಳೇ ಇಲ್ಲ. ಕ್ಯಾಲಿಂಪರೀಸ್‌ಗೂ ಇಲ್ಲ, ಅದರಲ್ಲಿ ಟೋಪಿಯೇ ಕಳಚದೆ ಉಳಿದು ಸಂಪುಟವನ್ನು ಸುತ್ತಿಕೊಂಡು, ತನ್ನಲ್ಲಿ ಬಿಡುವ ಸೀಳುಗಳ ಮೂಲಕ ಬೀಜಾಣುಗಳನ್ನು ಹೊರಬಿಡುತ್ತದೆ. ಹಲ್ಲು ಇಲ್ಲದಿರುವುದು ಆರಂಭದಿಂದಲೂ ಇಲ್ಲದ್ದೋ, ಇದ್ದು ಕಳೆದುಹೋದದ್ದೋ ಎಂಬುದನ್ನು ಬಲಿತ ಸಂಪುಟ ಹೇಳುವುದಿಲ್ಲ.

ಬಾಯಿಹಲ್ಲು ಹೇಗೆ ರೂಪುಗೊಳ್ಳುತ್ತದೆ

ಇದಕ್ಕೆ ಉತ್ತರ ಹುಡುಕಲು ಸಂಪುಟ ಇನ್ನೂ ಎಳೆಯ ಹಸಿರು ಸೂಜಿಯಂತಿರುವಾಗಲೇ ಅದನ್ನು ಅಡ್ಡಲಾಗಿ ತೆಳುವಾಗಿ ಕತ್ತರಿಸಿ ನೋಡಬೇಕು. ವೃತ್ತಾಕಾರದ ಆ ಸೀಳಿನಲ್ಲಿ ಮೊದಲು ಎರಡು ಗೋಡೆಗಳು ಒಂದನ್ನೊಂದು ಅಡ್ಡ ದಾಟಿ ನಾಲ್ಕು ಭಾಗಗಳಾಗುತ್ತವೆ. ಮುಂದಿನ ವಿಭಜನೆಗಳಿಂದ ಹೊರವಲಯ ಮತ್ತು ಒಳತಿರುಳು ಬೇರೆಯಾಗುತ್ತವೆ. ಬಾಯಿಹಲ್ಲುಗಳು ಹುಟ್ಟುವುದು ಹೊರವಲಯದ ಅತ್ಯಂತ ಒಳಗಿನ ಮೂರು ಪದರಗಳಿಂದ. ಇವುಗಳನ್ನು ಹೊರ, ಮಧ್ಯ ಮತ್ತು ಒಳ ಪೆರಿಸ್ಟೋಮ್ ಪದರ ಎಂದು ಕರೆಯಬಹುದು.

ವೃತ್ತದ ಎಂಟನೆಯ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು ಈ ಪದರಗಳ ಜೀವಕೋಶಗಳನ್ನು ಎಣಿಸಿದರೆ ಹೊರಪದರದಲ್ಲಿ 4, ಮಧ್ಯಪದರದಲ್ಲಿ 2 ಸಿಗುತ್ತವೆ. ಒಳಪದರದ ಸಂಖ್ಯೆ ಮಾತ್ರ ಬಳಗದಿಂದ ಬಳಗಕ್ಕೆ ಬೇರೆ. ಈ ಲೆಕ್ಕವನ್ನು ಸೂತ್ರವಾಗಿ ಬರೆಯುವ ಕ್ರಮವನ್ನು 1979ರಲ್ಲಿ ಎಸ್. ಆರ್. ಎಡ್ವರ್ಡ್ಸ್ ಬಳಕೆಗೆ ತಂದ. ಡೈಕ್ರಾನಿಡೇ ಉಪವರ್ಗದ ಡೈಕ್ರಾನಮ್ ಮತ್ತು ಅದರ ಬಳಗದಲ್ಲಿ ಸೂತ್ರ 4:2:3. ಪೂರ್ಣ ವೃತ್ತಕ್ಕೆ ಲೆಕ್ಕ ಹಾಕಿದರೆ ಕ್ರಮವಾಗಿ 32, 16 ಮತ್ತು 24 ಜೀವಕೋಶಗಳು. ಒಳಪದರದಲ್ಲಿ ಮೂರು ಬರುವುದು ಅಲ್ಲಿನ ವಿಭಜನೆ ಅಸಮವಾಗಿರುವುದರಿಂದ: ಗೋಡೆ ನಡುವೆ ಬೀಳದೆ ಒಂದು ಕಡೆಗೆ ಸರಿದು ಬೀಳುತ್ತದೆ. ಫ್ಯುನೇರಿಯ ಎಂಬ ಇನ್ನೊಂದು ಹಾವಸೆಯಲ್ಲಿ ಒಳಪದರದ ವಿಭಜನೆ ಸಮವಾಗಿದ್ದು ಸೂತ್ರ 4:2:4 ಆಗುತ್ತದೆ. ಬ್ರಯಮ್ ಬಳಗದಲ್ಲಿ ಒಳಪದರ ಇನ್ನೂ ಹೆಚ್ಚು ಒಡೆದು ಕೊನೆಯ ಸಂಖ್ಯೆ 4ರಿಂದ 14ರವರೆಗೂ ಹೋಗುತ್ತದೆ.

ಆಮೇಲೆ ಪಕ್ಕಪಕ್ಕದ ಪದರಗಳು ಕೂಡುವ ಗೋಡೆಗಳ ಮೇಲೆ ದಪ್ಪ ವಸ್ತು ಸಂಚಯವಾಗುತ್ತದೆ. ದಪ್ಪಗಾಗದ ಗೋಡೆಗಳು ಕರಗಿಹೋಗುತ್ತವೆ. ಉಳಿದ ಗೋಡೆಯ ಪಟ್ಟಿಯೇ ಹಲ್ಲು. ಮಧ್ಯಪದರದಲ್ಲಿ 16 ಜೀವಕೋಶಗಳಿರುವುದರಿಂದಲೇ ಬಹುಪಾಲು ಹಾವಸೆಗಳಲ್ಲಿ ಹಲ್ಲುಗಳ ಮೂಲಸಂಖ್ಯೆ 16. ಹೊರ ಮತ್ತು ಮಧ್ಯ ಪದರಗಳ ನಡುವೆ ದಪ್ಪವಾದರೆ ಹೊರಹಲ್ಲುಗಳ ಸಾಲು. ಮಧ್ಯ ಮತ್ತು ಒಳ ಪದರಗಳ ನಡುವೆ ದಪ್ಪವಾದರೆ ಒಳಹಲ್ಲುಗಳ ಸಾಲು. ಡೈಕ್ರಾನಿಡೇಯಲ್ಲಿ ಸಾಮಾನ್ಯವಾಗಿ ಎರಡನೆಯದೊಂದೇ ಬೆಳೆಯುತ್ತದೆ. ಬ್ರಯಮ್ ಮತ್ತು ಫ್ಯುನೇರಿಯದಲ್ಲಿ ಎರಡೂ ಇರುತ್ತವೆ: ಫ್ಯುನೇರಿಯದಲ್ಲಿ ಒಳಹಲ್ಲು ಹೊರಹಲ್ಲಿನ ಎದುರಿಗೇ ನಿಲ್ಲುತ್ತದೆ, ಬ್ರಯಮ್‌ನಲ್ಲಿ ಎರಡು ಹೊರಹಲ್ಲುಗಳ ನಡುವಿನ ಸಂದಿಗೆ ನೇರವಾಗಿ ನಿಲ್ಲುತ್ತದೆ. ಘಟ್ಟದ ರಸ್ತೆ ಬದಿಯ ಮಣ್ಣಿನ ದರೆಗಳಲ್ಲಿ ಕಾಣುವ ಪೊಗೊನೇಟಮ್ ಬೇರೆಯೇ ದಾರಿಯದು. ಅದರ 32 ಹಲ್ಲುಗಳು ಗೋಡೆಯ ಪಟ್ಟಿಗಳಲ್ಲ. ಉದ್ದನೆಯ ಇಡೀ ಜೀವಕೋಶಗಳ ಕಟ್ಟುಗಳು.

ಅಮೆರಿಕದ ಎ. ಡಬ್ಲ್ಯು. ಎವನ್ಸ್ ಮತ್ತು ಎಚ್. ಡಿ. ಹೂಕರ್ 1913ರಲ್ಲಿ ಸೆರಟೊಡಾನ್ ಹಾವಸೆಯ ಹಲ್ಲುಗಳ ಬೆಳವಣಿಗೆಯನ್ನು ಹೀಗೆ ಹಂತಹಂತವಾಗಿ ದಾಖಲಿಸಿದ್ದರು. 1980ರ ದಶಕದಲ್ಲಿ ಜೊನಾಥನ್ ಶಾ, ಲೂಯಿಸ್ ಆಂಡರ್ಸನ್, ಬ್ರೆಂಟ್ ಮಿಶ್ಲರ್ ಮುಂತಾದವರು ಈ ಕೆಲಸವನ್ನು ಬೇರೆ ಬೇರೆ ಬಳಗಗಳಿಗೆ ವಿಸ್ತರಿಸಿದರು. ಬಲಿತ ಹಲ್ಲುಗಳು ಒಂದೇ ತರಹ ಕಂಡರೂ ಜೀವಕೋಶ ವಿಭಜನೆಯ ಕ್ರಮ ಬೇರೆಯಾಗಿದ್ದರೆ ಆ ಹೋಲಿಕೆ ರಕ್ತಸಂಬಂಧದ್ದಲ್ಲ. ವಿಭಜನೆಯ ಕ್ರಮ ಒಂದೇ ಇದ್ದು ಕೊನೆಯ ರೂಪ ಬೇರೆಯಾಗಿದ್ದರೆ ಸಂಬಂಧವಿರುವ ಸಾಧ್ಯತೆ ಹೆಚ್ಚು. ವರ್ಗೀಕರಣಕ್ಕೆ ಬೆಳವಣಿಗೆಯ ಅಧ್ಯಯನ ಕೊಟ್ಟ ದೊಡ್ಡ ಕಾಣಿಕೆ ಈ ತಿಳಿವು.

ತುದಿಕೋಶ ಮತ್ತು ಎಲೆಗಳ ಸಾಲು

ಹಾವಸೆಯ ಕಾಂಡದ ತುದಿಯಲ್ಲಿ ಒಂದೇ ಒಂದು ಬೆಳವಣಿಗೆಯ ಜೀವಕೋಶವಿರುತ್ತದೆ. ಬಹುಪಾಲು ಹಾವಸೆಗಳಲ್ಲಿ ಇದು ತಲೆಕೆಳಗಾದ ಪಿರಮಿಡ್ಡಿನ ಆಕಾರದ್ದು. ಮೂರು ಬದಿಗಳಿಂದ ಸರದಿಯಂತೆ ಜೀವಕೋಶಗಳನ್ನು ಕತ್ತರಿಸಿಕೊಡುತ್ತದೆ. ಪ್ರತಿಯೊಂದರಿಂದಲೂ ಒಂದು ಎಲೆ. ಆದ್ದರಿಂದಲೇ ಎಲೆಗಳು ಕಾಂಡದ ಸುತ್ತ ಸುರುಳಿಯಾಗಿ ಬರುತ್ತವೆ. ಫಿಸಿಡೆನ್ಸ್‌ನಲ್ಲಿ ತುದಿಕೋಶ ಎರಡು ಬದಿಗಳಿಂದ ಮಾತ್ರ ಕತ್ತರಿಸುವುದರಿಂದ ಎಲೆಗಳು ಎರಡೇ ಸಾಲಿಗೆ ಬರುತ್ತವೆ. ಎಲೆಯ ಬುಡದರ್ಧ ಜೋಡಿ ಪೊರೆಯಾಗಿ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಇಷ್ಟು ಭಿನ್ನವಾದ ದೇಹಕ್ಕೆ ಬೇರೆಯೇ ವಂಶ ಇರಬೇಕೆಂದು ಹಿಂದಿನವರು ಭಾವಿಸಿದ್ದು ಸಹಜ.

ಚಿಗುರಿನ ಆರಂಭವನ್ನು ನೋಡಿದಾಗ ಚಿತ್ರ ಬದಲಾಗುತ್ತದೆ. ಫಿಸಿಡೆನ್ಸ್‌ನ ತುದಿಕೋಶ ಮೊದಲು ಮೂರು ಬದಿಯದಾಗಿದ್ದು, ಚಿಗುರು ಬೆಳೆದಂತೆ ಎರಡು ಬದಿಯದಾಗುತ್ತದೆ. ಎರಡು ಸಾಲಿನ ಎಲೆ ಹಳೆಯ ಸಾಮಾನ್ಯ ಕ್ರಮದ ಮೇಲೆ ಬಂದ ಮಾರ್ಪಾಡು. ಅದರ ಸಂಪುಟದ 16 ಸೀಳುಹಲ್ಲುಗಳಂತೂ ಡೈಕ್ರಾನಮ್ ಬಳಗದ ಗುರುತನ್ನೇ ಹೊತ್ತಿವೆ. ಲಿಂಗಾಣು ಸಸ್ಯ ದೂರ ಸರಿದಿದ್ದರೂ ಬೀಜಾಣು ಸಸ್ಯ ಬಳಗವನ್ನು ಬಿಟ್ಟುಕೊಟ್ಟಿಲ್ಲ. ಡಿಎನ್‌ಎ ಕೂಡ ಈ ನಿರ್ಣಯವನ್ನೇ ಎತ್ತಿಹಿಡಿದಿದೆ.

ಬಿಳಿ ಎಲೆಯ ಹಾವಸೆಗಳ ಪಾಠ

ತೆಂಗಿನ ಕಾಂಡದ ಆಕ್ಟೊಬ್ಲೆಫಾರಮ್ ಮತ್ತು ಘಟ್ಟದ ಕಾಡುಗಳ ಲ್ಯೂಕೊಬ್ರಯಮ್, ಎರಡರ ಎಲೆಗಳೂ ಬಿಳಿಚಿಕೊಂಡಿರುತ್ತವೆ. ಎಲೆಯ ಒಳಗೆ ಹಸಿರು ಜೀವಕೋಶಗಳ ಒಂದು ಜಾಲ, ಅದರ ಮೇಲೆ ಕೆಳಗೆ ನೀರು ತುಂಬಿಕೊಳ್ಳುವ ಖಾಲಿ ಜೀವಕೋಶಗಳ ಪದರಗಳು. ಈ ಅಪರೂಪದ ರಚನೆಯೊಂದನ್ನೇ ನೋಡಿ ಎರಡನ್ನೂ ಲ್ಯೂಕೊಬ್ರಯೇಸಿ ಕುಟುಂಬದಲ್ಲಿ ಇಡಲಾಗಿತ್ತು. ಫ್ರಾನ್ಸಿನ ಜೂಲ್ಸ್ ಕಾರ್ಡೊ 1900ರ ಸುಮಾರಿಗೆ ಈ ಎಲೆಗಳ ಅಂಗರಚನೆಯನ್ನು ವಿವರವಾಗಿ ಅಭ್ಯಸಿಸಿದ.

ಎಲೆಯ ಅಡ್ಡಸೀಳನ್ನು ಹತ್ತಿರದಿಂದ ನೋಡಿದರೆ ಭೇದ ಕಾಣುತ್ತದೆ. ಲ್ಯೂಕೊಬ್ರಯಮ್‌ನ ಹಸಿರು ಜೀವಕೋಶಗಳು ನಾಲ್ಕು ಮೂಲೆಯವು. ಆಕ್ಟೊಬ್ಲೆಫಾರಮ್‌ನವು ಮೂರು ಮೂಲೆಯವು. ಲ್ಯೂಕೊಬ್ರಯಮ್ ಸಂಪುಟಕ್ಕೆ ತುದಿ ಸೀಳಿದ 16 ಹಲ್ಲುಗಳು. ಆಕ್ಟೊಬ್ಲೆಫಾರಮ್‌ಗೆ ಸೀಳದ 8 ಹಲ್ಲುಗಳು. 2000ದಲ್ಲಿ ಕ್ಯಾಥರೀನ್ ಲಾ ಫಾರ್ಜ್ ಮತ್ತು ಸಂಗಡಿಗರು ಕ್ಲೋರೋಪ್ಲಾಸ್ಟ್ ಜೀನ್‌ಗಳನ್ನು ಓದಿ, ಬಿಳಿ ಎಲೆಯ ಹಾವಸೆಗಳೆಲ್ಲ ಒಂದೇ ಪೂರ್ವಜದ ಸಂತಾನವಲ್ಲ ಎಂದು ತೋರಿಸಿದರು. ಆಕ್ಟೊಬ್ಲೆಫಾರಮ್‌ನ ಹತ್ತಿರದ ನೆಂಟ ಅದೇ ಬಗೆಯ ಮರಗಳ ಮೇಲೆ ಬೆಳೆಯುವ ಕ್ಯಾಲಿಂಪರೀಸ್. ಕ್ಯಾಲಿಂಪರೀಸ್‌ನ ಎಲೆಬುಡದಲ್ಲಿ ಕಾಣುವ ದೊಡ್ಡ ಖಾಲಿ ಜೀವಕೋಶಗಳ ಕಿಟಕಿಯೂ ಈ ನೆಂಟಸ್ತಿಕೆಗೆ ಹೊಂದುತ್ತದೆ. ಈಗ ಕೆಲವರು ಆಕ್ಟೊಬ್ಲೆಫಾರಮನ್ನು ಕ್ಯಾಲಿಂಪರೇಸಿ ಕುಟುಂಬದೊಳಗೆ, ಕೆಲವರು ಅದರ ಪಕ್ಕದ ಸ್ವತಂತ್ರ ಕುಟುಂಬದಲ್ಲಿ ಇಡುತ್ತಾರೆ. ಈ ಎರಡೂ ಪಂಗಡದವರು ಅದನ್ನು ಲ್ಯೂಕೊಬ್ರಯಮ್ ಬಳಿ ಇಡುವುದಿಲ್ಲ. ಮಳೆ ಬಿಸಿಲುಗಳ ಹೊಯ್ದಾಟದಲ್ಲಿ ನೀರು ಹಿಡಿದಿಡಬೇಕಾದ ಅಗತ್ಯ ಬೇರೆ ಬೇರೆ ವಂಶಗಳಿಗೆ ಒಂದೇ ಬಗೆಯ ಎಲೆ ಕೊಟ್ಟಿದೆ. ಇವೆರಡಕ್ಕೂ ಬಹುದೂರದ ಸ್ಫ್ಯಾಗ್ನಮ್ ಎಲೆಯಲ್ಲೂ ಹಸಿರು ಮತ್ತು ಖಾಲಿ ಜೀವಕೋಶಗಳ ಜೋಡಿ ಇರುವುದು ಇದಕ್ಕೆ ಇನ್ನೊಂದು ಸಾಕ್ಷಿ.

ಜೀನ್‌ಗಳ ಸಾಕ್ಷ್ಯ

ಹಾವಸೆಯ ಜೀವಕೋಶದಲ್ಲಿ ಡಿಎನ್‌ಎ ಮೂರು ಕಡೆ ಇದೆ: ಕೋಶಕೇಂದ್ರ, ಕ್ಲೋರೋಪ್ಲಾಸ್ಟ್ ಮತ್ತು ಮೈಟೋಕಾಂಡ್ರಿಯ. ಮೂರೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಮೈಟೋಕಾಂಡ್ರಿಯದ ಡಿಎನ್‌ಎ ತೀರ ನಿಧಾನ. ಹಳೆಯ ಕವಲುಗಳನ್ನು ತಿಳಿಯಲು ಅದರ ಎನ್‌ಎಡಿ5 ಮುಂತಾದ ಜೀನ್‌ಗಳು ಅನುಕೂಲ. ಕ್ಲೋರೋಪ್ಲಾಸ್ಟಿನ ಆರ್‌ಬಿಸಿಎಲ್, ಆರ್‌ಪಿಎಸ್4 ಜೀನ್‌ಗಳು ಗಣ, ಕುಟುಂಬಗಳ ಮಟ್ಟದಲ್ಲಿ ಉಪಯುಕ್ತ. ಕೋಶಕೇಂದ್ರದ ಐಟಿಎಸ್ ಭಾಗ ಬೇಗ ಬದಲಾಗುವುದರಿಂದ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ನೆರವಾಗುತ್ತದೆ. ಹಯೋಫಿಲದ ಸ್ಥಾನ ಹೀಗೆಯೇ ದೃಢಪಟ್ಟಿತು. ಹಲ್ಲು ಇಲ್ಲದಿದ್ದರೂ ಅದು ಉದ್ದ ಎಳೆಗಳಂಥ ಹಲ್ಲುಗಳುಳ್ಳ ಬಾರ್ಬುಲದೊಡನೆ ಪಾಟಿಯೇಸಿ ಕುಟುಂಬಕ್ಕೇ ಸೇರುತ್ತದೆ. ಎಲೆಯ ನಡುನರ ಮತ್ತು ಉಬ್ಬುಳ್ಳ ಎಲೆಕೋಶಗಳು ಮೊದಲೇ ಇದನ್ನು ಸೂಚಿಸಿದ್ದವು. ಅಂದರೆ ಹಯೋಫಿಲದಲ್ಲಿ ಹಲ್ಲು ಇದ್ದು ಕಳೆದುಹೋದದ್ದು.

ಅಕ್ಷರಗಳ ಅನುಕ್ರಮವಷ್ಟೇ ಅಲ್ಲ, ಡಿಎನ್‌ಎಯ ಜೋಡಣೆಯೂ ವಂಶದ ಗುರುತಾಗುತ್ತದೆ. ಫಿಸ್ಕೊಮಿಟ್ರೆಲ ಹಾವಸೆಯ ಕ್ಲೋರೋಪ್ಲಾಸ್ಟಿನಲ್ಲಿ ಸುಮಾರು 71,000 ಅಕ್ಷರಗಳ ಒಂದು ತುಂಡು ತಿರುಗುಮುರುಗಾಗಿ ಕೂತಿರುವುದನ್ನು 2003ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡರು. ಬರ್ನಾರ್ಡ್ ಗೊಫಿನೆ ಮತ್ತು ಸಂಗಡಿಗರು 2007ರಲ್ಲಿ ಇದೇ ಗುರುತನ್ನು ಫ್ಯುನೇರಿಯ ಮತ್ತು ಎನ್ಕಲಿಪ್ಟ ಬಳಗಗಳಲ್ಲೂ ಕಂಡರು. ಜೈಗಾಸ್ಪರ್ಮೇಸಿ ಕುಟುಂಬದಲ್ಲಿ ಕಾಣಲಿಲ್ಲ. ಎನ್ಕಲಿಪ್ಟದ ಬಾಯಿಹಲ್ಲುಗಳು ಪ್ರಭೇದಕ್ಕೊಂದು ಬಗೆ: ಕೆಲವಕ್ಕೆ ಒಂದು ಸಾಲು, ಕೆಲವಕ್ಕೆ ಎರಡು, ಕೆಲವಕ್ಕೆ ಹಲ್ಲೇ ಇಲ್ಲ. ಹಲ್ಲುಗಳನ್ನು ನಂಬಿ ಇದನ್ನು ಎಲ್ಲಿ ಇಡಬೇಕೆಂಬುದು ಬಹುಕಾಲದ ವಾದವಾಗಿತ್ತು. ತಿರುಗಿದ ಆ ಒಂದು ತುಂಡು ಅದನ್ನು ಫ್ಯುನೇರಿಯದ ನೆಂಟನೆಂದು ಖಚಿತಪಡಿಸಿತು.

ಫಿಸ್ಕೊಮಿಟ್ರೆಲ: ಪ್ರಯೋಗಾಲಯದ ಹಾವಸೆ

1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಕಾಡಿನಲ್ಲಿ ಎಚ್. ಎಲ್. ಕೆ. ವೈಟ್‌ಹೌಸ್ ಸಂಗ್ರಹಿಸಿದ ಫಿಸ್ಕೊಮಿಟ್ರೆಲ ಪೇಟೆನ್ಸ್ ತಳಿ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಇದರ ಡಿಎನ್‌ಎಯಲ್ಲಿ ಬೇಕಾದ ಜೀನನ್ನೇ ಗುರಿಯಿಟ್ಟು ತೆಗೆಯಬಹುದೆಂದು 1997ರಲ್ಲಿ ಡಿ. ಶೆಫರ್ ಮತ್ತು ಜೆ.-ಪಿ. ಝ್ರಿಡ್ ತೋರಿಸಿದರು. ಗಿಡದಲ್ಲಿ ವರ್ಣತಂತುಗಳ ಒಂದೇ ಗಣವಿರುವುದರಿಂದ ಜೀನ್ ತೆಗೆದ ಪರಿಣಾಮ ಆ ತಲೆಮಾರಿನಲ್ಲೇ ಕಾಣುತ್ತದೆ. 2008ರಲ್ಲಿ ಇದರ ಸಂಪೂರ್ಣ ಜೀನೋಮ್ ಪ್ರಕಟವಾಯಿತು. ಹಾವಸೆಗಳಲ್ಲಿ ಇದೇ ಮೊದಲು. ಜೀನ್ ತೆಗೆದು ನೋಡುವ ಪ್ರಯೋಗಕ್ಕೆ ಒಂದು ಉದಾಹರಣೆ: ಎಪಿಬಿ ಎಂಬ ನಾಲ್ಕು ಜೀನ್‌ಗಳನ್ನೂ ತೆಗೆದರೆ ಪ್ರೋಟೊನಿಮದ ಎಳೆಗಳು ಹರಡುತ್ತವೆಯೇ ಹೊರತು ಎಲೆ ಹೊತ್ತ ಗಿಡ ಏಳುವುದಿಲ್ಲ. ಅಂಗರಚನೆಯಲ್ಲಿ ಹಂತವೆಂದು ಕಂಡದ್ದಕ್ಕೆ ಯಾವ ಜೀನ್ ಕಾರಣವೆಂದು ಹೀಗೆ ನೇರವಾಗಿ ಪರೀಕ್ಷಿಸಬಹುದು.

ವರ್ಗೀಕರಣಕ್ಕೆ ಈ ಹಾವಸೆ ಇನ್ನೊಂದು ಪಾಠ ಕಲಿಸಿತು. ಫಿಸ್ಕೊಮಿಟ್ರೆಲಕ್ಕೆ ಕಡ್ಡಿ ಅತಿ ಗಿಡ್ಡ. ಸಂಪುಟಕ್ಕೆ ತೆರೆಯುವ ಮುಚ್ಚಳವಿಲ್ಲ. ಇದರಿಂದಲೇ ಅದನ್ನು ಫಿಸ್ಕೊಮಿಟ್ರಿಯಮ್ ಎಂಬ ಹಾವಸೆಯಿಂದ ಬೇರೆ ಜಾತಿಯಾಗಿ ಎಣಿಸಿದ್ದರು. ಜೀನ್‌ಗಳನ್ನು ಓದಿದಾಗ ಇಂಥ ಕುಗ್ಗಿದ ಸಂಪುಟ ಫಿಸ್ಕೊಮಿಟ್ರಿಯಮ್ ವಂಶದೊಳಗೇ ಒಂದಕ್ಕಿಂತ ಹೆಚ್ಚು ಬಾರಿ ಪ್ರತ್ಯೇಕವಾಗಿ ಬಂದಿರುವುದು ತಿಳಿಯಿತು. ಈಗ ಅದರ ಹೆಸರು ಫಿಸ್ಕೊಮಿಟ್ರಿಯಮ್ ಪೇಟೆನ್ಸ್. ಇದಕ್ಕಿಂತ ಬಹಳ ಹಿಂದೆಯೇ, 1920ರ ದಶಕದಲ್ಲಿ, ಆಸ್ಟ್ರಿಯದ ತಳಿವಿಜ್ಞಾನಿ ಫ್ರಿಟ್ಸ್ ಫಾನ್ ವೆಟ್‌ಸ್ಟೈನ್ ಫ್ಯುನೇರಿಯ ಮತ್ತು ಫಿಸ್ಕೊಮಿಟ್ರಿಯಮ್ ನಡುವೆ ಸಂಕರ ಮಾಡಿ ಅವುಗಳ ನಿಕಟತೆಯನ್ನು ತೋರಿಸಿದ್ದ. ಎರಡು ಸಾಲು ಹಲ್ಲಿನ ಫ್ಯುನೇರಿಯ ಮತ್ತು ಹಲ್ಲಿಲ್ಲದ ಫಿಸ್ಕೊಮಿಟ್ರಿಯಮ್ ಒಂದೇ ಕುಟುಂಬದಲ್ಲಿರುವುದರಿಂದ, ಹಲ್ಲುಗಳನ್ನು ಕಟ್ಟುವ ಜೀನ್‌ಗಳನ್ನು ಹುಡುಕುವವರಿಗೆ ಇವೆರಡರ ಹೋಲಿಕೆ ಒಳ್ಳೆಯ ದಾರಿ.

ಟಕಾಕಿಯ: ಜಾಗ ಬದಲಿಸಿದ ಸಸ್ಯ

ಹಿಮಾಲಯದ ಸಿಕ್ಕಿಂ ಭಾಗದಿಂದ ಬಂದ ಒಂದು ಚಿಕ್ಕ ಸಸ್ಯವನ್ನು ಮಿಟ್ಟನ್ 1861ರಲ್ಲಿ ಲಿವರ್‌ವರ್ಟ್ ಎಂಬ ಇನ್ನೊಂದು ಬಳಗಕ್ಕೆ ಸೇರಿಸಿದ್ದ. ಜಪಾನಿನಲ್ಲಿ ನೊರಿವೊ ಟಕಾಕಿ ಕಂಡ ಅದರ ನೆಂಟಸಸ್ಯಕ್ಕೆ 1958ರಲ್ಲಿ ಟಕಾಕಿಯ ಎಂಬ ಜಾತಿನಾಮ ಬಂತು. ಬೀಜಾಣು ಸಸ್ಯ ಯಾರಿಗೂ ಸಿಗದಿದ್ದುದರಿಂದ ಅದು ಲಿವರ್‌ವರ್ಟ್‌ಗಳ ನಡುವೆಯೇ ಉಳಿಯಿತು. 1990ರಲ್ಲಿ ಅಲ್ಯೂಷಿಯನ್ ದ್ವೀಪಗಳಲ್ಲಿ ಅದರ ಸಂಪುಟ ಸಿಕ್ಕಿತು. ಗಟ್ಟಿ ಕಡ್ಡಿ, ಟೋಪಿ, ನಡುಗಂಬವುಳ್ಳ ಆ ಸಂಪುಟ ಹಾವಸೆಯದೇ ಆಗಿತ್ತು. ತೆರೆಯುವುದು ಮಾತ್ರ ಸುರುಳಿಯಂಥ ಒಂದೇ ಸೀಳಿನಿಂದ. ಡಿಎನ್‌ಎ ಕೂಡ ಟಕಾಕಿಯವನ್ನು ಹಾವಸೆ ವಂಶವೃಕ್ಷದ ಬುಡದಲ್ಲೇ ಇರಿಸಿತು. ಸಂಪೂರ್ಣ ಜೀನೋಮ್ 2023ರಲ್ಲಿ ಹೊರಬಂತು. ಒಂದು ತಲೆಮಾರನ್ನಷ್ಟೇ ನೋಡಿ ತೀರ್ಪು ಕೊಡಬಾರದೆಂಬುದಕ್ಕೆ ಟಕಾಕಿಯಕ್ಕಿಂತ ಬಲವಾದ ನಿದರ್ಶನ ಬೇರೊಂದಿಲ್ಲ.

ಇಂದಿನ ವ್ಯವಸ್ಥೆ ಮತ್ತು ಉಳಿದ ತೊಡಕುಗಳು

ಈಗ ಬಳಕೆಯಲ್ಲಿರುವ ವ್ಯವಸ್ಥೆಯಲ್ಲಿ ಹಾವಸೆಗಳಿಗೆ ಎಂಟು ವರ್ಗಗಳಿವೆ: ಟಕಾಕಿಯ, ಸ್ಫ್ಯಾಗ್ನಮ್, ಆಂಡ್ರಿಯೇಯ, ಆಂಡ್ರಿಯೋಬ್ರಯಮ್, ಈಡಿಪೋಡಿಯಮ್, ಪಾಲಿಟ್ರೈಕಮ್, ಟೆಟ್ರಾಫಿಸ್ ಮತ್ತು ಬ್ರಯಮ್ ಇವುಗಳ ಹೆಸರಿನವು. ಗೋಡೆಪಟ್ಟಿಯ ಹಲ್ಲುಗಳು ಬ್ರಯಮ್ ವರ್ಗದ ಸೊತ್ತು. ಹಾವಸೆಗಳ ಬಹುದೊಡ್ಡ ಪಾಲು ಈ ವರ್ಗದಲ್ಲೇ ಇದೆ. ಇಡೀ ಜೀವಕೋಶಗಳ ಹಲ್ಲುಗಳು ಪಾಲಿಟ್ರೈಕಮ್ ಮತ್ತು ಟೆಟ್ರಾಫಿಸ್ ವರ್ಗಗಳವು. ಪೊಗೊನೇಟಮ್ ಇರುವುದು ಪಾಲಿಟ್ರೈಕಮ್ ವರ್ಗದಲ್ಲಿ. 2019ರಲ್ಲಿ ಯಾಂಗ್ ಲಿಯು ಮತ್ತು ಸಂಗಡಿಗರು ಮೂರೂ ಬಗೆಯ ಡಿಎನ್‌ಎ ಬಳಸಿ ಬಹುತೇಕ ಎಲ್ಲ ಗಣಗಳ ಸಂಬಂಧವನ್ನು ಪರಿಶೀಲಿಸಿದರು.

ತೊಡಕುಗಳು ಉಳಿದಿವೆ. ಕಾಂಡದ ಬದಿಯಲ್ಲಿ ಸಂಪುಟ ಬಿಡುವ ಹಿಪ್ನೇಲಿಸ್ ಗಣದ ಸಾವಿರಾರು ಪ್ರಭೇದಗಳು ಬಹಳ ಕಡಿಮೆ ಅವಧಿಯಲ್ಲಿ ಕವಲೊಡೆದಂತೆ ಕಾಣುತ್ತದೆ; ಅವುಗಳ ಡಿಎನ್‌ಎಯಲ್ಲಿ ಮೊದಲ ಕವಲುಗಳ ಗುರುತು ಅಸ್ಪಷ್ಟ. ಮರಗಳ ಮೇಲೆ ಬೆಳೆಯುವ ಬಳಗಗಳಲ್ಲಿ ಹಲ್ಲುಗಳು ಕುಗ್ಗುವುದು ಮತ್ತೆಮತ್ತೆ ನಡೆದಿದೆ. ಸಂಪುಟದ ಆಕಾರದಲ್ಲಿ ಬೀಜಾಣು ಸಸ್ಯದ ಜೀನ್‌ಗಳ ಜೊತೆಗೆ ತಾಯಿಯ ಕೈವಾಡವೂ ಇದೆ. ಫ್ಯುನೇರಿಯದ ಟೋಪಿಯ ಮೇಣಪೊರೆಯನ್ನು ತೆಗೆದು ಎಳೆಯ ಸಂಪುಟವನ್ನು ಒಣಗಲು ಬಿಟ್ಟಾಗ ಹಲ್ಲುಗಳು ವಿಕಾರವಾಗುವುದನ್ನು ಜೆಸಿಕಾ ಬುಡ್ಕೆ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಆದ್ದರಿಂದ ಅಂಗರಚನೆ ಕೇಳುವ ಪ್ರಶ್ನೆಗೆ ಜೀನ್ ಉತ್ತರಿಸಬೇಕು. ಜೀನ್ ಕೊಟ್ಟ ಉತ್ತರವನ್ನು ಅಂಗರಚನೆ ಮತ್ತೆ ಒರೆಗೆ ಹಚ್ಚಬೇಕು.

ಕರ್ನಾಟಕ ಮತ್ತು ಗಡಿನಾಡಿನಲ್ಲಿ

ಮಂಗಳೂರಿನ ಸಸ್ಯಗಳು ಯೂರೋಪಿನ ಹರ್ಬೇರಿಯಂಗಳಿಗೆ ಹೋದದ್ದು ಬಾಸೆಲ್ ಮಿಷನ್ ಕಾಲದಲ್ಲಿ. ಮಿಷನರಿ ಜೆ. ಎಫ್. ಮೆಟ್ಜ್ ಕೆನರಾ ಪ್ರಾಂತ್ಯದಲ್ಲಿ ಸಂಗ್ರಹಿಸಿದ ಮಾದರಿಗಳನ್ನು 19ನೆಯ ಶತಮಾನದ ಮಧ್ಯದಲ್ಲಿ ಆರ್. ಎಫ್. ಹೊಹೆನಾಕರ್ ಯೂರೋಪಿನಲ್ಲಿ ಹಂಚಿದ. 20ನೆಯ ಶತಮಾನದ ಆರಂಭದಲ್ಲಿ ಟಿ. ಆರ್. ಬೆಲ್ ಮತ್ತು ಎಲ್. ಜೆ. ಸೆಡ್ಜ್‌ವಿಕ್ ಉತ್ತರ ಕನ್ನಡದಲ್ಲಿ ಸಂಗ್ರಹಿಸಿದ ಹಾವಸೆಗಳನ್ನು ಇಂಗ್ಲೆಂಡಿನ ಎಚ್. ಎನ್. ಡಿಕ್ಸನ್ ವಿವರಿಸಿದ. ಆರ್. ಎಸ್. ಚೋಪ್ರಾ 1975ರಲ್ಲಿ ಭಾರತದ ಹಾವಸೆಗಳ ವರ್ಗೀಕರಣ ಗ್ರಂಥವನ್ನು ಹೊರತಂದರು. ಕರ್ನಾಟಕದ ಪಶ್ಚಿಮ ಘಟ್ಟದ ಹಾವಸೆಗಳ ಬಗ್ಗೆ ಉವೆ ಶ್ವಾರ್ಟ್ಸ್ ಮತ್ತು ಯಾನ್-ಪೀಟರ್ ಫ್ರಾಮ್ 2013ರಲ್ಲಿ ಬರೆದರು. ಕಾಸರಗೋಡು ಜಿಲ್ಲೆಯ ಕಮ್ಮಾಡಂ ದೇವರಕಾಡಿನ ಹೆಸರನ್ನು ಫಿಸಿಡೆನ್ಸ್ ಕಮ್ಮಾಡೆನ್ಸಿಸ್ ಎಂಬ ಪ್ರಭೇದ ಹೊತ್ತಿದೆ. ತುಳುನಾಡಿನ ನಾಗಬನಗಳೂ ಅಂಥದೇ ನೆರಳು, ತೇವ ಮತ್ತು ಹಳೆಯ ಮರಗಳ ನೆಲೆಗಳು.

ಪಣಂಬೂರಿನಂಥ ಕೈಗಾರಿಕಾ ಊರಿಗೆ ಸರಿಯಾದ ವರ್ಗೀಕರಣದಿಂದ ನೇರ ಪ್ರಯೋಜನವೂ ಇದೆ. ಬೇರಿಲ್ಲದ ಹಾವಸೆ ನೀರು ಮತ್ತು ಲವಣಗಳನ್ನು ಬಹುಮಟ್ಟಿಗೆ ಮಳೆ, ಗಾಳಿ, ಧೂಳಿನಿಂದಲೇ ಹೀರುತ್ತದೆ. ಈ ಗುಣವನ್ನು ಬಳಸಿಕೊಂಡು ಗಾಳಿಯ ಭಾರಲೋಹಗಳನ್ನು ಅಳೆಯುವ ವಿಧಾನ 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಆರಂಭವಾಯಿತು. ಲೋಹ ಹಿಡಿದಿಡುವ ಶಕ್ತಿ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಪ್ರಭೇದ ತಪ್ಪಾಗಿ ಗುರುತಿಸಿದರೆ ಅಳತೆಗಳನ್ನು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ.

ಈ ಅಧ್ಯಯನಕ್ಕೆ ದೊಡ್ಡ ಸಲಕರಣೆಯಿಂದಲೇ ತೊಡಗಬೇಕಿಲ್ಲ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಅನೇಕ ಹಾವಸೆಗಳಲ್ಲಿ ಸಂಪುಟಗಳು ಸಿಗುತ್ತವೆ. ಒಂದು ಚಿಕ್ಕ ತುಣುಕನ್ನು ಮಾತ್ರ ಎತ್ತಿ, ಒತ್ತದೆ ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಟ್ಟು, ಸ್ಥಳ, ತಾರೀಖು, ಬೆಳೆದಿದ್ದ ಆಸರೆ ಇವನ್ನು ಬರೆಯಬೇಕು. ಕೆಲವು ತುದಿಗಳನ್ನು ಶುಚಿ ಮಾಡಿ ಸಿಲಿಕಾ ಜೆಲ್‌ನಲ್ಲಿ ಇಟ್ಟರೆ ಡಿಎನ್‌ಎ ಕೆಲಸಕ್ಕೆ ಒದಗುತ್ತದೆ; ಎಳೆಯ ಹಸಿರು ಸಂಪುಟಗಳನ್ನು ಸಂರಕ್ಷಕ ದ್ರಾವಣದಲ್ಲಿಟ್ಟರೆ ಅಡ್ಡಸೀಳುಗಳಿಗೆ ಒದಗುತ್ತದೆ. ಕೆಂಪುಕಲ್ಲಿನ ಹಳೆಯ ಗೋಡೆಗಳು ಸಿಮೆಂಟಿಗೆ ದಾರಿ ಬಿಡುತ್ತಿವೆ, ನಾಗಬನಗಳ ಮರಗಳು ಕಾಂಕ್ರೀಟ್ ಕಟ್ಟೆಗಳಿಗೆ ಎಡೆ ಮಾಡಿಕೊಡುತ್ತಿವೆ. ಕರಾವಳಿಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ತಮ್ಮ ಊರಿನ ಹಾವಸೆಗಳ ಇಂಥ ಪೊಟ್ಟಣಗಳನ್ನು ಈಗಲೇ ಕೂಡಿಡಬೇಕು. ಮಾದರಿ ಇದ್ದರೆ ಜೀನ್‌ಗಳನ್ನು ಮುಂದೆಂದಾದರೂ ಓದಬಹುದು. ಮಾದರಿಯೇ ಇಲ್ಲದಿದ್ದರೆ ಓದಲು ಏನೂ ಉಳಿಯುವುದಿಲ್ಲ.